ಮನೆಯಲ್ಲಿ ನಿರ್ಧಾರ ಆಗುವುದನ್ನು ನೀವು ಚಿಕ್ಕಂದಿನಲ್ಲಿ ನೋಡಿದ್ದೀರಾ?

ಮೂಡಿಗೆರೆ ತೋಟದವನು:

ಎಲ್ಲರಿಗೂ ನಮಸ್ಕಾರ. ಇದು ಕಾಫಿ ರೇಟಿನ ಚರ್ಚೆ ಅಲ್ಲ, ಆದರೆ ಶುರು ಅಲ್ಲಿಂದಲೇ ಮಾಡಬೇಕು.

ಗೋಡೌನಿನಲ್ಲಿ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ಮೂಟೆಗಳು ಕೂತಿವೆ. ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ರೇಟು ಬರುತ್ತದೆ. ಏರಿದರೆ ಇನ್ನೂ ಏರಬಹುದು ಅನ್ನಿಸುತ್ತದೆ. ಇಳಿದರೆ ಇಷ್ಟಕ್ಕೆ ಯಾಕೆ ಕೊಡಲಿ ಅನ್ನಿಸುತ್ತದೆ. ಹೆಂಡತಿಯನ್ನು ಕೇಳುತ್ತೇನೆ, ಭಾವನನ್ನು ಕೇಳುತ್ತೇನೆ, ಪಕ್ಕದ ತೋಟದವರನ್ನೂ ಕೇಳುತ್ತೇನೆ. ಮೂಟೆ ಮಾತ್ರ ಅಲ್ಲೇ ಇರುತ್ತದೆ.

"ನಿಂಗೆ ಧೈರ್ಯ ಇಲ್ಲ ಕಣೋ" ಅನ್ನುತ್ತಾಳೆ ತಂಗಿ. ಆದರೆ ಬೇರೆ ವಿಷಯದಲ್ಲಿ ನಾನು ಹಾಗಿಲ್ಲ. ಕೊಯ್ಲಿಗೆ ಎಷ್ಟು ಆಳು, ತೋಟದ ಯಾವ ಬ್ಲಾಕ್ ಮೊದಲು, ಹೂಮಳೆ ತಡವಾದರೆ ಸ್ಪ್ರಿಂಕ್ಲರ್ ಯಾವತ್ತು ಶುರು, ಎಲ್ಲ ನಿಂತ ಕಾಲಲ್ಲೇ ಹೇಳುತ್ತೇನೆ. ಸ್ಪ್ರಿಂಕ್ಲರ್ ಸಣ್ಣ ವಿಷಯ ಅಲ್ಲ. ಹೂವಿಗೆ ನೀರು ಕೊಟ್ಟು, ಆಮೇಲೆ ಬ್ಯಾಕಿಂಗ್ ಅಂತ ಕೊಡುವ ಎರಡನೇ ಸುತ್ತಿಗೆ ಕೆರೆಯಲ್ಲಿ ನೀರಿಲ್ಲ ಅಂದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ವರ್ಷದ ಫಸಲಿಗೇ ಹೊಡೆತ. ಅದಕ್ಕೆ ಹೆದರದವನು ಮಾರುವುದಕ್ಕೆ ಯಾಕೆ ಇಷ್ಟು ಹಿಂದೆ ಮುಂದೆ ನೋಡಬೇಕು?

ಯೋಚಿಸಿದಾಗ ಹೊಳೆದದ್ದು ಇಷ್ಟು. ಅಪ್ಪ ನೀರಿನ ಲೆಕ್ಕ ಹಾಕುತ್ತಿದ್ದದ್ದು ಕೆರೆ ಏರಿ ಮೇಲೆ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಬಿದಿರಿನ ಗಳ ನೀರಿಗೆ ಇಳಿಸಿ ಮೇಲೆ ಎತ್ತುತ್ತಿದ್ದರು. ಒದ್ದೆ ನಿಂತ ಕಡೆ ಹೆಬ್ಬೆರಳು ಇಟ್ಟು, "ಮೇಲಿನ ಬ್ಲಾಕಿಗೆ ಇಷ್ಟು ಹೋಯ್ತು, ಬಿಸಿಲಿಗೆ ಇಷ್ಟು ಹೋಯ್ತು" ಅಂತ ಬೆರಳನ್ನು ಕೆಳಗೆ ಜಾರಿಸುತ್ತಿದ್ದರು. ಉಳಿದದ್ದು ಗೇಣಿಗಿಂತ ಕಮ್ಮಿ ಆದರೆ, "ಆ ತುದಿ ಬ್ಲಾಕ್ ಈ ಸಲ ಬಿಡು, ಮಳೆ ಬಂದ್ರೆ ಬರ್ಲಿ" ಅನ್ನುತ್ತಿದ್ದರು. ಬಿಡುವಾಗ ಅವರಿಗೆ ಆಗುವ ಸಂಕಟವನ್ನೂ ನಾನು ನೋಡಿದ್ದೇನೆ.

ದುಡ್ಡಿನ ವಿಷಯ ಹಾಗಲ್ಲ. ಅದೆಲ್ಲ ಒಳಕೋಣೆಯಲ್ಲಿ ಆಗುತ್ತಿತ್ತು. ನಮಗೆ ಊಟದ ಹೊತ್ತಿಗೆ ಗೊತ್ತಾಗುತ್ತಿತ್ತು: ಜೀಪು ಮಾರಿ ಆಯಿತು, ಅಕ್ಕನ ಮದುವೆ ಗೊತ್ತಾಯಿತು, ನೀನು ಹಾಸ್ಟೆಲ್‌ಗೆ ಹೋಗ್ತೀಯ. ಯಾಕೆ, ಹೇಗೆ, ಬೇರೆ ದಾರಿ ಏನಿತ್ತು, ಒಂದೂ ಗೊತ್ತಿಲ್ಲ.

ಅಪ್ಪ ಅಮ್ಮ ಏನು ಬುದ್ಧಿ ಹೇಳಿದರು ಅನ್ನುವುದಕ್ಕಿಂತ, ಯಾವ ನಿರ್ಧಾರ ನಮ್ಮ ಕಣ್ಣೆದುರು ಆಯಿತು, ಯಾವುದು ಬಾಗಿಲ ಹಿಂದೆ ಆಯಿತು ಅನ್ನುವುದೇ ನಮ್ಮನ್ನು ರೂಪಿಸುತ್ತದೆ ಅಂತ ನನ್ನ ಅನುಮಾನ. ನಿಮ್ಮ ಮನೆಗಳಲ್ಲಿ ಹೇಗಿತ್ತು?

ಹಳೇ ಬೆಳೆಗಾರ, ಆಲ್ದೂರು:

ಅಪ್ಪ ಕಾಫಿ ಮಾರುವುದನ್ನು ನೀವು ನೋಡಿಲ್ಲ ಅಂದಿರಿ. ಅರ್ಧ ಆಯುಷ್ಯದವರೆಗೆ ಅವರೇ ಕಾಫಿ ಮಾರಿರಲಿಲ್ಲ ಮಾರಾಯ್ರೆ!

1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆದದ್ದನ್ನು ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸುವ ಕಡೆಗೆ, ಕೊಡಬೇಕಿತ್ತು. ಹರಾಜು ಹಾಕುವುದು ಮಂಡಳಿ. ನಮಗೆ ದುಡ್ಡು ಕಂತಿನಲ್ಲಿ ಬರುತ್ತಿತ್ತು, ಅದೂ ಅವರಿಗೆ ಪುರುಸೊತ್ತಾದಾಗ. ಬೈದುಕೊಳ್ಳುತ್ತಿದ್ದೆವು, ಕಾಯುತ್ತಿದ್ದೆವು. ಆದರೆ ಇವತ್ತು ಮಾರಲೋ ನಾಳೆ ಮಾರಲೋ ಅಂತ ನಿದ್ದೆ ಕೆಟ್ಟಿದ್ದಿಲ್ಲ. ಆ ಪ್ರಶ್ನೆಯೇ ಇರಲಿಲ್ಲ.

1992-93ರಿಂದ ಒಂದು ಪಾಲನ್ನು ನಾವೇ ಮಾರಬಹುದು ಅಂತಾಯಿತು. 1996ಕ್ಕೆ ಪೂರ್ತಿ ಬಿಟ್ಟುಕೊಟ್ಟರು. ಅದರ ನಡುವೆ, 1994ರಲ್ಲಿ ಬ್ರೆಜಿಲಿನಲ್ಲಿ ವಿಪರೀತ ಚಳಿಗೆ ಗಿಡಗಳು ಸುಟ್ಟುಹೋಗಿ ರೇಟು ಎಲ್ಲಿಂದೆಲ್ಲಿಗೋ ಹೋಯಿತು. ಜನ ಕಾರು ತಗೊಂಡರು, ಮನೆ ಕಟ್ಟಿದರು. 2000 ದಾಟುವಷ್ಟರಲ್ಲಿ ಅದೇ ರೇಟು ನೆಲ ಕಚ್ಚಿತು. ಮಾರುವ ವಿದ್ಯೆಯಲ್ಲಿ ನಮಗೆ ಅಕ್ಷರಾಭ್ಯಾಸ ಆದದ್ದೇ ನಲವತ್ತು ದಾಟಿದ ಮೇಲೆ. ಇನ್ನು ಮಕ್ಕಳಿಗೆ ಏನನ್ನು ತೋರಿಸುವುದು?

ಬಾಗಿಲ ಹಿಂದೆ ಯಾಕೆ ಅಂತ ಕೇಳಿದಿರಿ. ನನ್ನ ಮಟ್ಟಿಗೆ ಹೇಳುತ್ತೇನೆ. ರೇಟು ಬಿದ್ದ ವರ್ಷಗಳಲ್ಲಿ ಬ್ಯಾಂಕಿನ ನೋಟಿಸು ಬಂದರೆ ಗೋಡೆಯ ಪಂಚಾಂಗದ ಹಿಂದೆ ಸಿಕ್ಕಿಸಿಡುತ್ತಿದ್ದೆ. ಮಕ್ಕಳು ಓದುವ ವಯಸ್ಸಿನವರು. ಅವರ ತಲೆಗೆ ಇದು ಯಾಕೆ ಅಂತ. ಈಗ ನೀವು ಬರೆದದ್ದು ಓದಿ ಯೋಚನೆಯಾಯಿತು ನಿಜ, ಆದರೂ ಆವತ್ತಿನ ಸ್ಥಿತಿಯಲ್ಲಿ ಬೇರೆ ಏನು ಮಾಡಬಹುದಿತ್ತೋ ನನಗೆ ಇವತ್ತಿಗೂ ಕಾಣುವುದಿಲ್ಲ.

ಶೇಡ್ ಟ್ರೀ:

ನಮ್ಮ ಮನೆಯಲ್ಲಿ ಎಲ್ಲಾ ನಿರ್ಧಾರ ಮಾಡ್ತಿದ್ದಿದ್ದು ಕರೆಂಟು. ಅದು ಬಂದಾಗ ಎದ್ದು ಪಂಪ್ ಹಾಕು, ಹೋದಾಗ ಮಲಗು. 😀

ಅರಕಲಗೂಡಿನ ಆಲೂಗಡ್ಡೆ:

ಮೂಡಿಗೆರೆ ಗೌಡ್ರೆ, ನಿಮ್ಮ ಸಿದ್ಧಾಂತ ಚೆನ್ನಾಗಿದೆ. ಆದರೆ ನಮ್ಮ ಮನೆಗೆ ಹೊಂದುವುದಿಲ್ಲ. ನಮ್ಮಲ್ಲಿ ಬಾಗಿಲೇ ಇರಲಿಲ್ಲ ಅನ್ನಿ.

ಹಾಸನದ ಕಡೆ ಗೊತ್ತಿರುವವರಿಗೆ ಗೊತ್ತು. ಮೇ ತಿಂಗಳಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆ ಲಾರಿಯಲ್ಲಿ ಎಪಿಎಂಸಿಗೆ ಬಂದು ಇಳಿಯುತ್ತದೆ. ಆಗ ಶುರು. ಸಾಲ ಮಾಡಿ ತರಬೇಕಾ, ಈ ವರ್ಷ ಕಮ್ಮಿ ಹಾಕಬೇಕಾ, ಮಳೆ ಹಿಡಿಯುತ್ತಾ. ಈ ಮಾತೆಲ್ಲ ಜಗಲಿಯಲ್ಲೇ. ಮೂಟೆ ಬಿಚ್ಚಿ ಸುರಿದು ಮನೆಮಂದಿಯೆಲ್ಲ ಕತ್ತರಿಸಲು ಕೂರುತ್ತಿದ್ದೆವು. ಒಂದೊಂದು ಹೋಳಿಗೂ ಮೊಳಕೆ ಬರುವ ಕಣ್ಣು ಇರಬೇಕು. ನಾನು ಕಣ್ಣಿಲ್ಲದ ಹೋಳು ಹಾಕಿದರೆ ಅಪ್ಪ ಅದನ್ನು ಎತ್ತಿ ನನ್ನ ಮುಂದೆ ಇಟ್ಟು, "ಇದು ಎಷ್ಟು ರೂಪಾಯಿ ಹೇಳು" ಅನ್ನುತ್ತಿದ್ದರು. ಅಷ್ಟು ಚೆನ್ನಾಗಿ ಗೊತ್ತಿತ್ತು ನಮಗೆ ಮನೆಯ ಲೆಕ್ಕ.

ಆಮೇಲೆ ಜುಲೈನಲ್ಲಿ ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ರೋಗ. ಹಸಿರಾಗಿದ್ದ ಹೊಲ ನೋಡನೋಡುತ್ತಾ ಕಪ್ಪಾಗುತ್ತದೆ. ಅದನ್ನೂ ನೋಡಿದ್ದೇವೆ.

ಹೀಗೆ ಎಲ್ಲವನ್ನೂ ನೋಡಿ ಬೆಳೆದ ನಾನು ಏನಾದೆ? ಹಾಸನದಲ್ಲಿ ತಿಂಗಳ ಸಂಬಳದ ಕೆಲಸ ಹಿಡಿದೆ. ಎಫ್‌ಡಿ ಬಿಟ್ಟು ಬೇರೆ ಕಡೆ ಒಂದು ರೂಪಾಯಿ ಇಟ್ಟಿಲ್ಲ. ಅದೇ ಜಗಲಿಯಲ್ಲಿ ಅದೇ ಚಾಕು ಹಿಡಿದು ಕೂತಿದ್ದ ನನ್ನ ತಮ್ಮ ಬೇರೆಯವರ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕುತ್ತಾನೆ. 60 ಕೆಜಿ ಮೂಟೆಗೆ ರೇಟು ಬಂದ ವರ್ಷ ಬುಲೆಟ್, ಬರದ ವರ್ಷ ನನ್ನ ಹತ್ತಿರ ಕೈಸಾಲ. ಅವನಿಗೆ ರಾತ್ರಿ ಒಳ್ಳೇ ನಿದ್ದೆ ಬರುತ್ತದೆ ಬೇರೆ!

ಒಂದೇ ಮನೆ, ಒಂದೇ ಅಪ್ಪ, ಒಂದೇ ಹೊಲ. ಇದಕ್ಕೆ ಏನಂತೀರಿ?

ಬೇಲೂರಿನ ಸೊಸೆ:

ಇಲ್ಲಿಯವರೆಗೆ ಬರೆದವರೆಲ್ಲ ಅಪ್ಪನ ಪಕ್ಕ ನಿಂತವರು, ಅಲ್ವಾ? ಕೆರೆ ಏರಿ ಮೇಲೆ ಮಗನನ್ನು ನಿಲ್ಲಿಸಿಕೊಂಡರು. ಸರಿ. ಧೈರ್ಯ ಇಲ್ಲ ಅಂದ ಆ ತಂಗಿ ಎಲ್ಲಿ ನಿಂತಿದ್ದರು?

ನನ್ನ ಮನೆಯಲ್ಲಿ "ನಿನ್ನಿಷ್ಟ ಕಣಮ್ಮ" ಅನ್ನುವ ಮಾತು ಧಾರಾಳವಾಗಿತ್ತು. ಸೀರೆಯ ಬಣ್ಣಕ್ಕೆ ನನ್ನಿಷ್ಟ. ಬಳೆಗೆ ನನ್ನಿಷ್ಟ. ಮದುವೆಯ ದಿನ, ಗಂಡು, ಓದು ನಿಲ್ಲಿಸುವುದು, ಇವೆಲ್ಲ ಮನೆಯವರಿಷ್ಟ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಕಾರು ತಂದು, "ಒಂದು ಸೈನು ಇದೆ ಬಾ" ಅಂತ ಕರೆದುಕೊಂಡು ಹೋದ. ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನಲ್ಲಿ ಕೂತಾಗಲೇ ಗೊತ್ತಾದದ್ದು ಅದು ಹಕ್ಕು ಬಿಡುಗಡೆ ಪತ್ರ ಅಂತ. ಹಾಕಿದೆ. ಕೇಳಿದ್ದರೂ ಬಿಟ್ಟುಕೊಡುತ್ತಿದ್ದೆನೇನೋ, ಅಣ್ಣನ ಕಷ್ಟ ನನಗೆ ಗೊತ್ತಿತ್ತು. ಕೇಳಲೇ ಇಲ್ಲ ಅನ್ನುವುದೇ ನನ್ನ ಮಾತು.

ಕಾನೂನು ಏನೂ ಹೊಸದಲ್ಲ. ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರಿಗೂ ಸಿಕ್ಕಿತು. ಹಕ್ಕು ಕಾಗದದಲ್ಲಿ ಬಂತು, ಅದನ್ನು ಓದಿ ನೋಡುವ ಅಭ್ಯಾಸ ಬರಲಿಲ್ಲ. ಯಾಕೆಂದರೆ ಹುಟ್ಟಿದಾಗಿನಿಂದ ನಮ್ಮ ಪರವಾಗಿ ಬೇರೆಯವರೇ ಓದಿದ್ದಾರೆ.

ಹಾಗಂತ ನನಗೆ ನಿರ್ಧಾರ ಮಾಡಲು ಬರುವುದಿಲ್ಲ ಅಂದುಕೊಳ್ಳಬೇಡಿ. ಈಗ ಈ ಮನೆಯಲ್ಲಿ ಹಸು ಕೊಳ್ಳುವುದರಿಂದ ಹಿಡಿದು ಮಗನ ಕಾಲೇಜಿನವರೆಗೆ ಎಲ್ಲವೂ ನನ್ನದೇ. ಆದರೆ ನನ್ನದು ಅಂತ ಹೇಳುವುದಿಲ್ಲ. ಎರಡು ದಿನ ಮುಂಚೆ ಯಜಮಾನರ ಕಿವಿಗೆ ಹಾಕಿರುತ್ತೇನೆ. ಮೂರನೇ ದಿನ ಅವರೇ, "ನಂಗೊಂದು ಯೋಚನೆ ಬಂತು ಕಣೆ" ಅನ್ನುತ್ತಾರೆ. ಅಮ್ಮನೂ ಹೀಗೇ ಮಾಡುತ್ತಿದ್ದರು. ನಾನು ನೋಡಿ ಕಲಿತದ್ದು ಅದನ್ನೇ.

ಮೂಡಿಗೆರೆ ತೋಟದವನು:

ಅಕ್ಕ, ಸರಿಯಾಗಿ ಹಿಡಿದಿರಿ. ತಂಗಿಗೆ ಫೋನ್ ಮಾಡಿ ಕೇಳಿದೆ. ಅವಳು ಅಂದದ್ದು: "ನಾನು ಒಳಕೋಣೆ ಪಕ್ಕದ ಅಡುಗೆಮನೇಲಿದ್ದೆ. ಅಲ್ಲಿ ಎಲ್ಲಾ ಕೇಳಿಸ್ತಿತ್ತು." ಅಂದರೆ ದುಡ್ಡಿನ ಮಾತು ನನಗಿಂತ ಅವಳಿಗೇ ಜಾಸ್ತಿ ಗೊತ್ತಿದೆ! ಅಮ್ಮ ಯಾವುದಕ್ಕೆ ಬೇಡ ಅಂದಿದ್ದರು, ಅಪ್ಪ ಯಾರ ಹತ್ತಿರ ಸಾಲ ಕೇಳಿದ್ದರು, ಎಲ್ಲ ಹೇಳಿದಳು. ಈಗ ಅವಳ ಮನೆಯ ಕಾಫಿ ಮಾರುವುದು ಅವಳೇ. ನನಗೆ ಇದು ಗೊತ್ತೇ ಇರಲಿಲ್ಲ.

ಅರಕಲಗೂಡಿನ ಅಣ್ಣ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಕೇಳಲಾ? ಬೆಳೆ ಹೋದ ವರ್ಷ ಮನೆಯಲ್ಲಿ ಬೈಗುಳ ಯಾರಿಗೆ ಬೀಳುತ್ತಿತ್ತು?

ಅರಕಲಗೂಡಿನ ಆಲೂಗಡ್ಡೆ:

ಒಳ್ಳೇ ಪ್ರಶ್ನೆ ಕೇಳಿದ್ರಿ. ನಾನು ಹಿರಿಯವನು. ಔಷಧಿ ಹೊಡೆಯುವುದು ತಡವಾಗಿದ್ದರೆ "ನೀನು ಹೇಳ್ಬೇಕಿತ್ತು" ಅಂತ ನನಗೆ. ತಮ್ಮ ಚಿಕ್ಕವನು, ಅವನಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹೊಲ ಕಪ್ಪಾದ ಸಂಜೆಯೂ ಅವನು ಗೋಲಿ ಆಡುತ್ತಿದ್ದ. ಹ್ಞಾಂ. ಇದನ್ನು ನಾನು ಹೀಗೆ ನೋಡಿರಲಿಲ್ಲ.

ಕೊಪ್ಪದ ಮೊಮ್ಮಗ:

ಬೈಗುಳದ ವಿಷಯ ಬಂತಲ್ಲ, ನಮ್ಮ ಅಜ್ಜಿಯ ಪದ್ಧತಿ ಕೇಳಿ. ದೊಡ್ಡ ವಿಷಯ ಏನೇ ಇದ್ದರೂ ದೇವರ ಹತ್ತಿರ ಹೂ ಪ್ರಸಾದ ಕೇಳುವುದು. ಬಾವಿ ತೋಡಿಸಬೇಕಾ, ಗದ್ದೆ ತೆಗೆದು ಅಡಿಕೆ ಹಾಕಬೇಕಾ. ಬಲಗಡೆ ಹೂ ಬಿದ್ದರೆ ಆಯಿತು, ಎಡಗಡೆ ಬಿದ್ದರೆ ಆ ಮಾತು ಅಲ್ಲಿಗೆ ಮುಗಿಯಿತು.

ನಾನು ಕಾಲೇಜು ಓದುವಾಗ ಇದನ್ನು ಹಾಸ್ಯ ಮಾಡುತ್ತಿದ್ದೆ. ಈಗ ಅನ್ನಿಸುವುದು ಬೇರೆ. ಬಲಗಡೆ ಹೂ ಬಿದ್ದು ತೋಡಿಸಿದ ಬಾವಿಯಲ್ಲಿ ನೀರು ಬರಲಿಲ್ಲ. ಮನೆಯಲ್ಲಿ ಒಬ್ಬರೂ ಇನ್ನೊಬ್ಬರನ್ನು ಬೈಯಲಿಲ್ಲ. "ನಮ್ಮ ಗ್ರಹಚಾರ, ಇನ್ನೊಂದು ಕಡೆ ನೋಡೋಣ" ಅಂದರು ಅಜ್ಜಿ, ಅಷ್ಟೇ. ತಪ್ಪು ಯಾರ ತಲೆಗೂ ಬರಲಿಲ್ಲ. ನಮ್ಮ ಮನೆಯ ಗಂಡು ಹೆಣ್ಣು ಯಾರಿಗೂ ಹೊಸದನ್ನು ಮಾಡಲು ಹೆದರಿಕೆ ಇಲ್ಲದಿರುವುದಕ್ಕೆ ಇದೇ ಕಾರಣ ಇರಬಹುದಾ ಅಂತ ಎಷ್ಟೋ ಸಲ ಅನ್ನಿಸಿದೆ. ದೇವರನ್ನು ನಂಬುತ್ತೀರೋ ಇಲ್ಲವೋ, ಅದು ಬೇರೆ ಚರ್ಚೆ, ಇಲ್ಲಿ ಶುರು ಮಾಡಬೇಡಿ ದಯವಿಟ್ಟು.

ಪಿಯು ಮೇಷ್ಟ್ರು, ಚಿಕ್ಕಮಗಳೂರು:

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಅಡ್ಮಿಷನ್ ಮೇಜಿನಲ್ಲಿ ಕೂರುವುದು ನನ್ನ ಕೆಲಸ. "ಯಾವ ಕಾಂಬಿನೇಷನ್ ಮಗಾ?" ಅಂತ ಹುಡುಗನನ್ನೇ ನೋಡಿ ಕೇಳುತ್ತೇನೆ. ಹುಡುಗ ಅಪ್ಪನ ಮುಖ ನೋಡುತ್ತಾನೆ. ಅಪ್ಪ "ಪಿಸಿಎಂಬಿ ಸಾರ್" ಅನ್ನುತ್ತಾರೆ. ನಾನು ಅರ್ಜಿಯನ್ನು ಹುಡುಗನ ಕಡೆ ತಳ್ಳುತ್ತೇನೆ. ಅಪ್ಪ ಅದನ್ನು ತಮ್ಮ ಕಡೆ ಎಳೆದುಕೊಂಡು ಪೆನ್ನು ತೆಗೆಯುತ್ತಾರೆ. ಮಗನ ಹೆಸರನ್ನೂ ಅವರೇ ಬರೆಯುತ್ತಾರೆ.

ಡಯಾನಾ ಬಾಮ್ರಿಂಡ್ ಅನ್ನುವ ಮನಶ್ಶಾಸ್ತ್ರಜ್ಞೆ 1960ರ ದಶಕದಲ್ಲಿ ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುವ ರೀತಿಯನ್ನು ಮೂರು ಬಗೆ ಮಾಡಿದರು. ಹೇಳಿದ್ದು ಕೇಳು ಅನ್ನುವವರು, ಹೇಗಾದರೂ ಇರಲಿ ಅಂತ ಬಿಡುವವರು, ಕಟ್ಟುನಿಟ್ಟು ಇದ್ದರೂ ಯಾಕೆ ಅಂತ ವಿವರಿಸುವವರು. ಮೂರನೆಯದು ಮಕ್ಕಳಿಗೆ ಒಳ್ಳೆಯದು ಅಂತ ಅವರ ಅಭಿಪ್ರಾಯ. ಅಲ್ಲಿಯ ಮನೆಗಳನ್ನು ನೋಡಿ ಹೇಳಿದ್ದು, ಅಜ್ಜಿ, ದೊಡ್ಡಪ್ಪ, ಸೋದರಮಾವ ಎಲ್ಲ ಸೇರಿ ಬೆಳೆಸುವ ನಮ್ಮ ಮನೆಗಳಿಗೆ ಎಷ್ಟು ಒಪ್ಪುತ್ತದೋ. ಆದರೆ "ಯಾಕೆ ಅಂತ ವಿವರಿಸುವುದು" ಅನ್ನುವ ಭಾಗ ಈ ಚರ್ಚೆ ಶುರು ಮಾಡಿದವರ ಮಾತಿಗೆ ಹತ್ತಿರ ಇದೆ.

ಇನ್ನೊಂದು, ತಾಳ್ಮೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಅವರ ಮಿಠಾಯಿ ಪ್ರಯೋಗ ಗೊತ್ತಿರಬಹುದು. ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ನಾನು ಬರುವವರೆಗೆ ಕಾದರೆ ಎರಡು ಅನ್ನುವುದು. ಕಾದ ಮಕ್ಕಳು ಮುಂದೆ ಓದಿನಲ್ಲಿ ಚೆನ್ನಾಗಿ ಮಾಡಿದರು ಅಂತ ವರದಿಯಾಯಿತು. ಆಸೆ ತಡೆದುಕೊಳ್ಳುವುದನ್ನು ಮನೆಯಲ್ಲೇ ಕಲಿಸಬೇಕು ಅಂತ ನಾನು ಪೋಷಕರ ಸಭೆಯಲ್ಲಿ ಹೇಳುತ್ತಿರುತ್ತೇನೆ.

ಲೈನ್ ಮನೆ ಮಗಳು:

ಮೇಷ್ಟ್ರೆ, ನಮಸ್ಕಾರ. ಆ ಮಿಠಾಯಿ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾನು ಬಿಎಡ್‌ನಲ್ಲಿ ಓದಿದ್ದೇನೆ. 2013ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದವರು ಅದನ್ನೇ ಸ್ವಲ್ಪ ಬದಲಿಸಿ ಮಾಡಿದರು. ಮಿಠಾಯಿ ಇಡುವ ಮುಂಚೆ, ಒಳ್ಳೇ ಬಣ್ಣದ ಕಡ್ಡಿ ತಂದುಕೊಡುತ್ತೇನೆ ಅಂತ ಮಕ್ಕಳಿಗೆ ಮಾತು ಕೊಟ್ಟರು. ಕೆಲವರಿಗೆ ತಂದುಕೊಟ್ಟರು. ಉಳಿದವರಿಗೆ ಬರಿಗೈಯಲ್ಲಿ ಬಂದು "ಇಲ್ಲ" ಅಂದರು. ಮಾತು ಉಳಿಸಿಕೊಂಡ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ ಕಡೆ 3 ನಿಮಿಷ. ಸಣ್ಣ ಪ್ರಯೋಗ, 28 ಮಕ್ಕಳು ಅಷ್ಟೇ. ಆದರೂ ನನಗೆ ಅದು ಓದಿದ ಕೂಡಲೇ ಅರ್ಥವಾಯಿತು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ನೋಡಿದಾಗ, ಮನೆಯ ಸ್ಥಿತಿಗತಿ ಲೆಕ್ಕಕ್ಕೆ ತಗೊಂಡರೆ ಆ ಮಿಠಾಯಿಗೂ ಮುಂದಿನ ಓದಿಗೂ ಇದ್ದ ನಂಟು ಬಹಳ ಸಡಿಲವಾಯಿತು.

ನಾನು ಬೆಳೆದದ್ದು ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ. ಶನಿವಾರ ಬಟವಾಡೆ. ಹಿಂದೆ ತಗೊಂಡ ಮುಂಗಡ ಮುರಿದುಕೊಂಡು, ಲೆಕ್ಕ ಬರೆಯುವ ರೈಟರ್ ಎಷ್ಟು ಕೊಡುತ್ತಾರೆ ಅನ್ನುವುದು ಕೈಗೆ ಬಂದ ಮೇಲೇ ಗೊತ್ತು. ಮುಂದಿನ ವಾರ ಹೊಸ ಚಪ್ಪಲಿ ಅಂದರೆ ನಂಬಬಾರದು ಅಂತ ನನಗೆ ಆರು ವರ್ಷಕ್ಕೇ ಗೊತ್ತಿತ್ತು. ಅಮ್ಮ ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಮಳೆ ಬಂದು ಕೆಲಸ ನಿಂತರೆ ಅವಳಾದರೂ ಏನು ಮಾಡಿಯಾಳು? ಇವತ್ತು ಸಿಕ್ಕಿದ್ದನ್ನು ಇವತ್ತೇ ತಿನ್ನುವುದು ನಮ್ಮಲ್ಲಿ ಬುದ್ಧಿವಂತಿಕೆ, ಮೇಷ್ಟ್ರೆ. ಅದನ್ನು ತಾಳ್ಮೆ ಇಲ್ಲ ಅಂತ ಕರೆಯಬೇಡಿ.

ನೀವೆಲ್ಲ ಯಾವುದನ್ನು ಆರಿಸಬೇಕು ಅಂತ ಒದ್ದಾಡುತ್ತೀರಿ. ನಮ್ಮಲ್ಲಿ ಆರಿಸಲು ಇರುತ್ತಿದ್ದದ್ದೇ ಒಂದು. ಹಾಗಾಗಿ ನನಗೆ ಈಗಲೂ ಅಂಗಡಿಯಲ್ಲಿ ಎರಡು ನಿಮಿಷಕ್ಕಿಂತ ಜಾಸ್ತಿ ನಿಲ್ಲಲು ಆಗುವುದಿಲ್ಲ. ಮೊದಲು ಕಂಡದ್ದನ್ನು ಎತ್ತಿಕೊಂಡು ಬರುತ್ತೇನೆ. ಕೆಲಸ ಸಿಕ್ಕಾಗಲೂ ಹಾಗೆಯೇ, ಎರಡನೇ ಕಡೆಯಿಂದ ಕರೆ ಬರಬಹುದು ಅಂತ ಗೆಳತಿಯರು ಹೇಳಿದರು. ನಾನು ಅದೇ ದಿನ ಸೇರಿಕೊಂಡೆ.

ಪಿಯು ಮೇಷ್ಟ್ರು, ಚಿಕ್ಕಮಗಳೂರು:

ಮೇಡಂ, ನೀವು ಹೇಳಿದ್ದು ಸರಿ. ಆ ಎರಡನೇ ಪ್ರಯೋಗವನ್ನೂ ಸಭೆಯಲ್ಲಿ ಹೇಳುತ್ತೇನೆ ಇನ್ನು ಮೇಲೆ. ಮಕ್ಕಳಿಗೆ ತಾಳ್ಮೆ ಕಲಿಸಿ ಅನ್ನುವ ಮುಂಚೆ ಕೊಟ್ಟ ಮಾತು ಉಳಿಸಿಕೊಳ್ಳಿ ಅಂತ ಅಪ್ಪಂದಿರಿಗೇ ಹೇಳಬೇಕಾಗುತ್ತದೆ. ಅವರಿಗೆ ಇಷ್ಟ ಆಗುವುದಿಲ್ಲ.

ಬೆಂಗಳೂರಿನ ಹಾಸನದವ:

ಎಲ್ಲದಕ್ಕೂ ಅಪ್ಪ ಅಮ್ಮನನ್ನೇ ಎಳೆದು ತರುವುದು ಸಾಕು ಸ್ವಾಮಿ. ಅಮೆರಿಕದ ಮನಶ್ಶಾಸ್ತ್ರ ಲೇಖಕಿ ಜೂಡಿತ್ ರಿಚ್ ಹ್ಯಾರಿಸ್ 1998ರಲ್ಲೇ ವಾದ ಮಾಡಿದ್ದಾರೆ, ಮನೆಗಿಂತ ಜೊತೆಯ ಹುಡುಗರ ಪ್ರಭಾವವೇ ಜಾಸ್ತಿ ಅಂತ. ನನ್ನ ಕಥೆ ಅದೇ. ಮನೆಯಲ್ಲಿ ಕೇಳಿದರೆ ನಾನು ಬಾಯಿ ಬಿಡದ ಹುಡುಗ. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಮೆಸ್ ಕಮಿಟಿಗೆ ಹಾಕಿದರು, ತರಕಾರಿಯವನ ಜೊತೆ ಚೌಕಾಸಿ, ಬಾಕಿ ಇಟ್ಟವರ ಹತ್ತಿರ ವಸೂಲಿ, ಎಲ್ಲ ಕಲಿತೆ. ಅಪ್ಪನಿಗೆ ಇವತ್ತಿಗೂ ಇದು ಗೊತ್ತಿಲ್ಲ.

ಲೈನ್ ಮನೆ ಮಗಳು:

ಹಾಸ್ಟೆಲ್‌ಗೆ ಕಳಿಸುವ ನಿರ್ಧಾರ ಯಾರದು ಅಣ್ಣ? 😀

ಬೆಂಗಳೂರಿನ ಹಾಸನದವ:

ಅಪ್ಪನದು. ಸೋತೆ ಬಿಡಿ.

ಬೇಲೂರಿನ ಸೊಸೆ:

ಅಣ್ಣತಮ್ಮಂದಿರ ಬಗ್ಗೆ ಕೇಳಿದ್ದರಲ್ಲ ಅರಕಲಗೂಡಿನವರು, ನನಗೆ ಅನ್ನಿಸುವುದು ಹೇಳುತ್ತೇನೆ. ಒಂದೇ ಮನೆ ಅನ್ನುವುದು ಹೊರಗಿನವರ ಮಾತು. ಹಿರಿಮಗ ಇರುವ ಮನೆ ಬೇರೆ, ಕಿರಿಮಗ ಇರುವ ಮನೆ ಬೇರೆ. ಸಾಲ ಇದ್ದ ವರ್ಷ ಹತ್ತು ವಯಸ್ಸಿದ್ದವನಿಗೂ ಸಾಲ ತೀರಿದ ವರ್ಷ ಹತ್ತು ವಯಸ್ಸಾದವನಿಗೂ ಅಪ್ಪನೇ ಬೇರೆ ಮನುಷ್ಯ.

ನಮ್ಮ ಮಗಳ ವಿಷಯದಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಡೇರಿ ಹಾಲಿನ ದುಡ್ಡು ಬಂದಾಗ ಪಾಸ್‌ಬುಕ್ ಅವಳೇ ಓದುತ್ತಾಳೆ. ಹಿಂಡಿಗೆ ಎಷ್ಟು, ಡಾಕ್ಟರಿಗೆ ಎಷ್ಟು ಅಂತ ಬರೆಯುತ್ತಾಳೆ. ಹಳೇ ಹಸು ಕೊಡಬೇಕಾ ಬೇಡವಾ ಅಂತ ನಾನೂ ಯಜಮಾನರೂ ಅವಳ ಮುಂದೆಯೇ ಜಗಳ ಆಡಿದೆವು. ಅವಳು ಅಪ್ಪನ ಪಕ್ಷ ವಹಿಸಿದಳು. ನನಗೆ ಸಿಟ್ಟು ಬಂತು, ಅದು ಬೇರೆ ಮಾತು. ಹಸು ಇನ್ನೂ ಕೊಟ್ಟಿಗೆಯಲ್ಲೇ ಇದೆ, ಹಾಲು ಮಾತ್ರ ಒಂದು ಲೀಟರಿಗೆ ಇಳಿದಿದೆ.

ಮೂಡಿಗೆರೆ ತೋಟದವನು:

ಎಲ್ಲರಿಗೂ ಥ್ಯಾಂಕ್ಸ್. ನಾನು ಶುರುವಿನಲ್ಲಿ ಹೇಳಿದ್ದಕ್ಕೆ ಎರಡು ತಿದ್ದುಪಡಿ ಹಾಕಿಕೊಳ್ಳುತ್ತೇನೆ. ನೋಡಿದರೆ ಸಾಲದು, ನೋಡುವಾಗ ಬೈಗುಳ ಯಾರ ಕಡೆ ಹೋಗುತ್ತಿತ್ತು ಅನ್ನುವುದೂ ಸೇರುತ್ತದೆ. ಮತ್ತೆ, ಲೈನ್ ಮನೆಯ ಅಕ್ಕ ಹೇಳಿದ ಹಾಗೆ, ಆರಿಸಲು ಎರಡು ಇದ್ದವರಿಗೆ ಮಾತ್ರ ಈ ಚರ್ಚೆ.

ನಾಳೆ ವ್ಯಾಪಾರಿ ಬರುತ್ತೇನೆ ಅಂದಿದ್ದಾರೆ. ತಂಗಿಯನ್ನು ಕರೆಸಿದ್ದೇನೆ. ಮಗನಿಗೂ ರಜೆ, ಅವನೂ ಜಗಲಿಯಲ್ಲೇ ಇರುತ್ತಾನೆ. ಮೂರರಲ್ಲಿ ಒಂದು ಪಾಲು ಈಗ ಕೊಟ್ಟು ಉಳಿದದ್ದು ಇಟ್ಟುಕೊಳ್ಳುವ ಯೋಚನೆ. ಆಲ್ದೂರಿನ ಹಿರಿಯರೇ, ನೀವೇನಂತೀರಿ?

ಹಳೇ ಬೆಳೆಗಾರ, ಆಲ್ದೂರು:

ಪಾಲು ಮಾಡಿ ಕೊಡುವುದು ಒಳ್ಳೆಯದೇ. ರೇಟಿನ ಬಗ್ಗೆ ನಾನು ಏನೂ ಹೇಳುವುದಿಲ್ಲ, ಆಮೇಲೆ ನನ್ನ ಹೆಸರು ಹೇಳುತ್ತೀರಿ. ಆದರೆ ವ್ಯಾಪಾರಿ ಬರುವ ಮುಂಚೆ ನೀವೇ ಒಂದು ಸ್ಯಾಂಪಲ್ ಕೊಟ್ಟು ಔಟ್‌ಟರ್ನ್ ತೆಗೆಸಿ. 50 ಕೆಜಿ ಚೆರಿಯಲ್ಲಿ ಎಷ್ಟು ಕೆಜಿ ಬೀಜ ಬರುತ್ತದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ ಅವರು ಹೇಳಿದ್ದೇ ಲೆಕ್ಕ. ತೇವಾಂಶವನ್ನೂ ನೋಡಿಸಿ, ರೋಬಸ್ಟಾ ಚೆರಿಗೆ ಶೇ. 11ರ ಒಳಗಿರಬೇಕು. ಸ್ಯಾಂಪಲನ್ನು ಮೇಲಿನ ಒಂದೇ ಮೂಟೆಯಿಂದ ತೆಗೀಬೇಡಿ, ಅಡಿಯದರಿಂದಲೂ ತೆಗೀರಿ. ಆ ಕೆಲಸ ಮಗನ ಕೈಲಿ ಮಾಡಿಸಿ, ನಿಮಗೆ ಬಗ್ಗುವುದೂ ತಪ್ಪುತ್ತದೆ.